ಫೋಟೋ ಪ್ರಿಂಟ್ ಸೈಜ್: ಇಂಚು, ಸೆಂಟಿಮೀಟರ್, ಎ4 ಮಧ್ಯೆ ಎಡವದೆ ಸರಿಯಾಗಿ ಆರ್ಡರ್ ಮಾಡೋ ಸಮಗ್ರ ಮಾರ್ಗದರ್ಶಿ

ಕೊಡಗಿನ ಗೋಣಿಕೊಪ್ಪದಲ್ಲಿ ಫೋಟೋ ಪ್ರಿಂಟ್ ಹಾಕಿ ಕಟ್ಟು ಹಾಕಿಸಿಕೊಡೋ ಕೆಲಸ ನಂದು. ಹುತ್ತರಿ ಹಬ್ಬ ಹತ್ರ ಬಂದಾಗ, ಮದುವೆ ಸೀಸನ್ ಮುಗಿದಾಗ, ಮಕ್ಕಳು ವೀಸಾಗೆ ಅರ್ಜಿ ಹಾಕೋ ಟೈಮಲ್ಲಿ, ಪ್ರತಿ ಸಲ ಅದೇ ಮಾತು ಕೇಳ್ತೀನಿ: "ಅಣ್ಣಾ, ಸೈಜ್ ಸರಿ ಹೇಳಿದ್ವಿ, ಆದ್ರೂ ಕೂರ್ತಾ ಇಲ್ಲ." ಫ್ರೇಮಿಗಿಂತ ಫೋಟೋ 5 ಮಿಲಿಮೀಟರ್ ದೊಡ್ಡದು, ಇಲ್ಲಾಂದ್ರೆ ಒಂದು ಬದಿಗೆ ಬಿಳಿ ಗೆರೆ, ಇಲ್ಲಾಂದ್ರೆ ಗ್ರೂಪ್ ಫೋಟೋದ ತುದಿಯಲ್ಲಿ ನಿಂತಿದ್ದ ಚಿಕ್ಕಪ್ಪನೇ ಇಲ್ಲ.

ಹೋದ ವರ್ಷ ಒಂದು ಒಕ್ಕದವರು (ಅಂದ್ರೆ ಒಂದೇ ಕೊಡವ ಮನೆತನದವರು) ಐನ್‌ಮನೆ, ಅಂದ್ರೆ ಮನೆತನದ ಮೂಲ ಮನೆಯ ಮೆಟ್ಟಿಲ ಮೇಲೆ ತೆಗೆಸಿದ ಫೋಟೋ ತಂದ್ರು, ಮಗ ಜರ್ಮನಿಯಿಂದ ಒಳ್ಳೆ ಮರದ ಫ್ರೇಮ್ ತಂದಿದ್ದ, ಅದರ ಮೇಲೆ 30×40 ಅಂತ ಇತ್ತು, ಇವರು ಅದಕ್ಕೆ "ಹತ್ತಿರದ್ದು" ಅಂತ ಬೇರೆ ಕಡೆ 12×16 ಇಂಚು ಪ್ರಿಂಟ್ ಹಾಕಿಸಿದ್ರು. ಕೂರ್ಲಿಲ್ಲ. ಮನೆಯಲ್ಲೇ ಕತ್ತರಿ ಹಿಡಿದು ಕೆಳಗಿನಿಂದ ಕತ್ತರಿಸಿದ್ರು, ಮುಂದಿನ ಸಾಲಲ್ಲಿ ಕೂತಿದ್ದ ಅಜ್ಜನ ಶೂ ತುದಿ ಹೋಯ್ತು, ಗೆರೆಯೂ ಸೊಟ್ಟ. ಅದೊಂದನ್ನ ಮತ್ತೆ ಹಾಕಿಸಿ ಕೊಟ್ಟ ಮೇಲೆ ಇದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅನ್ನಿಸ್ತು.

ಎಲ್ಲರೂ ಮಾಡೋ ತಪ್ಪು ಒಂದೇ, ಕ್ರಮ ಉಲ್ಟಾ ಮಾಡ್ತಾರೆ. ಮೊದಲು ಪ್ರಿಂಟ್ ಹಾಕ್ಸಿ ಆಮೇಲೆ ಜಾಗ ಹುಡುಕ್ತಾರೆ. ಫೋಟೋ ಕೊನೆಗೆ ಎಲ್ಲಿ ಕೂರತ್ತೋ ಅಲ್ಲಿಂದ ಅಳತೆ ಶುರು ಮಾಡಿ, ಅದೂ ಮಿಲಿಮೀಟರಲ್ಲಿ, ಉಳಿದದ್ದೆಲ್ಲ ಅದರ ಹಿಂದೆ ತಾನಾಗೇ ಬರತ್ತೆ.

## ಶುರು ಮಾಡೋಕೆ ಮುಂಚೆ ಬೇಕಾಗೋದು

ಒಂದು ಸ್ಟೀಲ್ ಸ್ಕೇಲ್, 30 ಸೆಂಟಿಮೀಟರಿಂದು. ದೊಡ್ಡ ಫ್ರೇಮ್ ಆದ್ರೆ ಟೇಪ್. ಮೊಬೈಲಲ್ಲಿ ಕ್ಯಾಲ್ಕುಲೇಟರ್. ಒಂದು ಪೆನ್ಸಿಲ್, ಒಂದು ಚೀಟಿ. ಫೋಟೋದ ಒರಿಜಿನಲ್ ಫೈಲ್, ಅಂದ್ರೆ ತೆಗೆದ ಫೋನಿಂದ ಅಥವಾ ಕ್ಯಾಮೆರಾದಿಂದ ನೇರ ಬಂದದ್ದು.

ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಬೇಡ ಅಂತ ಯಾಕೆ ಹೇಳ್ತೀನಿ ಅಂದ್ರೆ ಅದರಲ್ಲಿ ಸೊನ್ನೆ ಗೆರೆ ತುದಿಯಲ್ಲಿ ಇರಲ್ಲ, 3-4 ಮಿಮೀ ಒಳಗೆ ಇರತ್ತೆ. ಫ್ರೇಮಿನ ಮೂಲೆಗೆ ಸ್ಕೇಲಿನ ತುದಿ ತಾಗಿಸಿ ಓದಿದ್ರೆ ಅಷ್ಟೂ ಕಮ್ಮಿ ಬರತ್ತೆ. ಬಹಳಷ್ಟು ಸ್ಟೀಲ್ ಸ್ಕೇಲಲ್ಲಿ ಸೊನ್ನೆ ತುದಿಯಿಂದಲೇ ಶುರು, ಆದ್ರೂ ಒಂದು ಸಲ ಕಣ್ಣಿಟ್ಟು ನೋಡ್ಕೊಳ್ಳಿ. ಟೇಪ್ ಆದ್ರೆ ಅದರ ಕೊಕ್ಕೆ ಸ್ವಲ್ಪ ಅಲ್ಲಾಡತ್ತೆ, ಅದು ಹಾಳಾಗಿದ್ದಲ್ಲ, ಕೊಕ್ಕೆಯ ದಪ್ಪ ಸರಿದೂಗಿಸೋಕೆ ಹಾಗೆ ಮಾಡಿರೋದು.

## ಹಂತ 1: ಫೋಟೋ ಕೂರೋ ಜಾಗವನ್ನ ಅಳೀರಿ

ಫ್ರೇಮನ್ನ ಮಗುಚಿ ಹಾಕಿ, ಹಿಂದಿನ ಹಲಗೆ ತೆಗೀರಿ. ಒಂದು ಫ್ರೇಮಿಗೆ ಮೂರು ಅಳತೆ ಇರತ್ತೆ. ಹೊರಗಿನದ್ದು, ಅಂದ್ರೆ ಪಟ್ಟಿ ಸೇರಿಸಿ ಗೋಡೆ ಮೇಲೆ ಎಷ್ಟು ಜಾಗ ಹಿಡಿಯತ್ತೆ ಅನ್ನೋದು, ಅದು ಪ್ರಿಂಟಿಗೆ ಯಾವ ಉಪಯೋಗಕ್ಕೂ ಇಲ್ಲ. ಎರಡನೇದು ಹಿಂದಿನಿಂದ ಕಾಣೋ ಗಾಜು ಕೂರೋ ತೋಡು, ನಮ್ಮ ಪ್ರಿಂಟ್ ಸೈಜ್ ಇದೇ. ಮೂರನೇದು ಮುಂದಿನಿಂದ ಕಣ್ಣಿಗೆ ಕಾಣೋ ಕಿಂಡಿ, ಇದು ತೋಡಿಗಿಂತ ಪ್ರತಿ ಬದಿಗೆ ಸುಮಾರು 4-6 ಮಿಮೀ ಚಿಕ್ಕದು, ಯಾಕಂದ್ರೆ ಪಟ್ಟಿಯ ತುಟಿ ಫೋಟೋ ಮೇಲೆ ಬರತ್ತೆ.

ಎರಡನೇದನ್ನೂ ಮೂರನೇದನ್ನೂ ಬರ್ಕೊಳ್ಳಿ. ಪ್ರತಿಯೊಂದನ್ನ ಎರಡು ಕಡೆ ಅಳೀರಿ, ಮೇಲೊಂದು ಸಲ ಕೆಳಗೊಂದು ಸಲ, ಯಾಕಂದ್ರೆ ನಮ್ಮಲ್ಲಿ ಕೈಯಲ್ಲಿ ಜೋಡಿಸಿದ ಮರದ ಫ್ರೇಮುಗಳು ಎಷ್ಟೋ ಸಲ ಪೂರ್ತಿ ಚೌಕವಾಗಿ ಇರಲ್ಲ, ಮಳೆಗಾಲದಲ್ಲಿ ಮರ ಬೇರೆ ಉಬ್ಬಿರತ್ತೆ. ಎರಡರಲ್ಲಿ ಚಿಕ್ಕದ್ದನ್ನ ಇಟ್ಕೊಂಡು ಅದರಿಂದ ಇನ್ನೂ 2 ಮಿಮೀ ಕಳೀರಿ. ಆ ಸಡಿಲ ಇಲ್ದೆ ಬಿಗಿಯಾಗಿ ತುರುಕಿದ್ರೆ ಪೇಪರ್ ಮಧ್ಯದಲ್ಲಿ ಅಲೆ ಏಳತ್ತೆ.

ಮೂರನೇ ಅಳತೆ ಯಾಕೆ ಬೇಕು ಅಂದ್ರೆ, ಫೋಟೋದ ತುದಿಯಲ್ಲಿ ಮುಖ, ಹೆಸರು, ತಾರೀಖು ಏನಾದ್ರೂ ಇದ್ರೆ ಆ 6 ಮಿಮೀ ಒಳಗೆ ಸಿಕ್ಕಿ ಮುಚ್ಚಿಹೋಗತ್ತೆ. ಕೆಳಗೆ "ಕೈಲ್ ಮುಹೂರ್ತ 2019" ಅಂತ ಬರೆಸಿದ್ದ ಒಂದು ಫೋಟೋದಲ್ಲಿ ಫ್ರೇಮ್ ಹಾಕಿದ ಮೇಲೆ ಅಕ್ಷರಗಳ ತಲೆ ಮಾತ್ರ ಉಳೀತು.

ಮೌಂಟ್ ಬೋರ್ಡ್ ಹಾಕೋದಾದ್ರೆ, ಅಂದ್ರೆ ಸುತ್ತ ಬಿಳಿ ಅಥವಾ ಕ್ರೀಮ್ ದಪ್ಪ ಕಾಗದದ ಅಂಚು, ಆಗ ಬೋರ್ಡಿನ ಹೊರ ಅಳತೆ ತೋಡಿಗೆ ಹೊಂದಬೇಕು, ಫೋಟೋ ಮಾತ್ರ ಬೋರ್ಡಿನ ಕಿಂಡಿಗಿಂತ ಪ್ರತಿ ಬದಿಗೆ ಕನಿಷ್ಠ 5 ಮಿಮೀ ದೊಡ್ಡದಿರಬೇಕು. ಕಿಂಡಿ ಎಷ್ಟೋ ಫೋಟೋನೂ ಅಷ್ಟೇ ಅಂತ ಹಾಕ್ಸಿದ್ರೆ ಅಂಟಿಸೋಕೆ ಜಾಗ ಇರಲ್ಲ, ಜಾರಿ ಒಳಗೆ ಬೀಳತ್ತೆ.

## ಹಂತ 2: ಸೈಜಿನ ಹೆಸರನ್ನ ಮಿಲಿಮೀಟರಿಗೆ ತನ್ನಿ

ಒಂದು ಇಂಚು ಅಂದ್ರೆ 25.4 ಮಿಮೀ, ಆ 4ರ ಮುಂದೆ ಇನ್ನು ಬಾಲ ಏನೂ ಇಲ್ಲ, ಕರಾರುವಾಕ್ಕು. 25 ಅಂತ ಮನಸ್ಸಲ್ಲೇ ಗುಣಿಸ್ಬೇಡಿ. 4 ಇಂಚಿಗೆ ಒಂದೂವರೆ ಮಿಮೀ ತಪ್ಪು ಅನ್ನಿಸಲ್ಲ, 20 ಇಂಚಿಗೆ ಅದೇ 8 ಮಿಮೀ ಆಗತ್ತೆ.

ನಮ್ಮ ಸ್ಟುಡಿಯೋಗಳಲ್ಲಿ ಪ್ರಿಂಟ್ ಸೈಜ್ ಎಲ್ಲಾ ಇಂಚಲ್ಲೇ, ಲ್ಯಾಬಿನ ಪೇಪರ್ ರೋಲಿನ ಅಗಲವೂ 6, 8, 10, 12 ಇಂಚು ಹೀಗೇ ಬರೋದು. ದಿನಾ ಬೇಕಾಗೋದು ಇಷ್ಟು:

4×6 ಇಂಚು: 102×152 ಮಿಮೀ
5×7 ಇಂಚು: 127×178 ಮಿಮೀ
6×8 ಇಂಚು: 152×203 ಮಿಮೀ
8×10 ಇಂಚು: 203×254 ಮಿಮೀ
8×12 ಇಂಚು: 203×305 ಮಿಮೀ
12×16 ಇಂಚು: 305×406 ಮಿಮೀ
12×18 ಇಂಚು: 305×457 ಮಿಮೀ
16×20 ಇಂಚು: 406×508 ಮಿಮೀ
20×30 ಇಂಚು: 508×762 ಮಿಮೀ

ಆನ್‌ಲೈನ್ ಸೈಟಲ್ಲಿ 4ಆರ್, 5ಆರ್, 8ಆರ್ ಅಂತ ಕಂಡ್ರೆ ಅದೂ ಇಂಚೇ, ಆ ನಂಬರ್ ಚಿಕ್ಕ ಬದಿಯದ್ದು. 4ಆರ್ ಅಂದ್ರೆ 4×6, 5ಆರ್ ಅಂದ್ರೆ 5×7. ಎಚ್ಚರ ಇರ್ಬೇಕಾದ್ದು 8ಆರ್ ಹತ್ರ, ಅದು 8×10, 8×12 ಬೇಕಾದ್ರೆ ಎಸ್8ಆರ್ ಅಂತ ಇರತ್ತೆ. ನಮ್ಮಲ್ಲಿ ಇನ್ನೂ ಹಳಬರು "ಪೋಸ್ಟ್‌ಕಾರ್ಡ್ ಸೈಜ್" ಅಂತಾರೆ, "ಮ್ಯಾಕ್ಸಿ" ಅಂತಾರೆ, ಇವನ್ನ ಒಬ್ಬೊಬ್ಬರು ಒಂದೊಂದು ಅಳತೆಗೆ ಹೇಳೋದನ್ನ ನಾನೇ ಕೇಳಿದೀನಿ, ಹಾಗಾಗಿ ಹೆಸರು ಏನೇ ಹೇಳಿ, ಪಕ್ಕದಲ್ಲಿ ಮಿಮೀ ಬರೆದು ಕೊಡಿ.

ಈಗ ನಿಜವಾದ ಕಷ್ಟ. ಯೂರೋಪಿಂದ ಬರೋ ಫ್ರೇಮುಗಳು, ಇಲ್ಲಿನ ದೊಡ್ಡ ಫರ್ನಿಚರ್ ಅಂಗಡಿಗಳಲ್ಲಿ ಸಿಗೋ ವಿದೇಶಿ ಫ್ರೇಮುಗಳು ಸೆಂಟಿಮೀಟರಲ್ಲಿ ಇರತ್ತೆ. ನೋಡೋಕೆ ಇಂಚಿನ ಸೈಜಿನ ಜೋಡಿ ತರ ಕಾಣತ್ತೆ, ಆದ್ರೆ ಜೋಡಿ ಅಲ್ಲ. 10×15 ಸೆಂಮೀ ಫ್ರೇಮಿಗೆ 4×6 ಇಂಚು ಫೋಟೋ ಎರಡೂ ಕಡೆ 2 ಮಿಮೀ ದೊಡ್ಡದು. 20×30 ಸೆಂಮೀಗೆ 8×12 ಇಂಚು ಅಡ್ಡಕ್ಕೆ 3 ಮಿಮೀ, ಉದ್ದಕ್ಕೆ 5 ಮಿಮೀ ದೊಡ್ಡದು. 30×40ಕ್ಕೆ 12×16 ಹಾಕಿದ್ರೆ 5 ಮತ್ತು 6 ಮಿಮೀ ಜಾಸ್ತಿ, ಮೇಲೆ ಹೇಳಿದ ಐನ್‌ಮನೆ ಫೋಟೋ ಸಿಕ್ಕಿಬಿದ್ದಿದ್ದು ಇಲ್ಲೇ. ಇದಕ್ಕೆ ಉಲ್ಟಾ 13×18 ಸೆಂಮೀ ಫ್ರೇಮ್, ಅದಕ್ಕೆ 5×7 ಇಂಚು ಹಾಕಿದ್ರೆ ಫೋಟೋ ಅಡ್ಡಕ್ಕೆ 3 ಮಿಮೀ ಉದ್ದಕ್ಕೆ 2 ಮಿಮೀ ಚಿಕ್ಕದಾಗತ್ತೆ, ಪಟ್ಟಿಯ ತುಟಿ ಅಷ್ಟನ್ನ ಮುಚ್ಚೋದ್ರಿಂದ ಪರವಾಗಿಲ್ಲ, ಆದ್ರೆ ಮಧ್ಯಕ್ಕೆ ಇಟ್ಟು ಹಿಂದೆ ಟೇಪ್ ಹಾಕಿ, ಇಲ್ಲಾಂದ್ರೆ ಕೆಳಗೆ ಜಾರಿ ಮೇಲೆ ಗೆರೆ ಕಾಣತ್ತೆ. ಸರಿಯಾಗಿ ಕೂರೋ ಒಂದು ಜೋಡಿ ಅಂದ್ರೆ 61×91.5 ಸೆಂಮೀ ಫ್ರೇಮ್, ಅದು 24×36 ಇಂಚಿನ ಪೋಸ್ಟರಿಗೇ ಮಾಡಿದ್ದು.

ನಿಯಮ ಹೀಗೆ ಇಟ್ಕೊಳ್ಳಿ. ಫೋಟೋ ಫ್ರೇಮಿಗಿಂತ 3 ಮಿಮೀ ತನಕ ಚಿಕ್ಕದಿದ್ರೆ ನಡೆಯತ್ತೆ, ಒಂದು ಮಿಮೀ ದೊಡ್ಡದಾದ್ರೂ ನಡೆಯಲ್ಲ. ಸೆಂಮೀ ಫ್ರೇಮಿಗೆ ಇಂಚಿನ ಪೇಪರಲ್ಲಿ, ಚಿತ್ರ ಮಾತ್ರ ಫ್ರೇಮಿನ ಅಳತೆಗೆ ಹಾಕ್ಸಿ, ಸುತ್ತ ಬಿಳಿ ಬಿಟ್ಟು ಕಟ್ ಮಾಡ್ಕೊಡಿ ಅಂತ ಲ್ಯಾಬಿಗೆ ಹೇಳಿ. 30×40 ಸೆಂಮೀ ಚಿತ್ರವನ್ನ 12×18 ಪೇಪರಲ್ಲಿ ಹಾಕಿ ಗಿಲೋಟಿನಲ್ಲಿ, ಅಂದ್ರೆ ಪೇಪರ್ ಕಟ್ ಮಾಡೋ ಮೆಷಿನಲ್ಲಿ, ಕತ್ತರಿಸೋದು ಎರಡು ನಿಮಿಷದ ಕೆಲಸ.

## ಹಂತ 3: ಎ4 ಕುಟುಂಬವನ್ನ ಫೋಟೋ ಸೈಜ್ ಜೊತೆ ಕಲಸ್ಬೇಡಿ

ಎ4 ಅಂದ್ರೆ 210×297 ಮಿಮೀ, ಎ3 297×420, ಎ5 148×210. ಇವೆಲ್ಲ ಒಂದೇ ಆಕಾರ, ಉದ್ದ ಅಗಲದ 1.414 ಪಟ್ಟು, ಅದಕ್ಕೇ ಎ3 ಹಾಳೆ ಮಧ್ಯಕ್ಕೆ ಮಡಚಿದ್ರೆ ಸರಿಯಾಗಿ ಎ4 ಆಗತ್ತೆ. ಫೋಟೋ ಸೈಜುಗಳಲ್ಲಿ ಈ ಗುಣ ಇಲ್ಲ. 8×12 ಮಡಚಿದ್ರೆ 6×8 ಬರತ್ತೆ, ಆಕಾರವೇ ಬೇರೆ.

ಜನ ಎ4 ಮತ್ತೆ 8×12 ಒಂದೇ ಅಂದ್ಕೊಳ್ತಾರೆ. 8×12 ಎ4ಗಿಂತ 7 ಮಿಮೀ ಸಣಕಲು, 8 ಮಿಮೀ ಉದ್ದ. ಸರ್ಟಿಫಿಕೇಟ್ ಫ್ರೇಮಿಗೆ 8×12 ಫೋಟೋ ಹಾಕಿದ್ರೆ ಮೇಲೆ ಕೆಳಗೆ ಕತ್ತರಿಸ್ಬೇಕು, ಆದ್ರೂ ಪಕ್ಕದಲ್ಲಿ ಬಿಳಿ ಉಳಿಯತ್ತೆ, ಅಂದ್ರೆ ಎರಡೂ ಕಡೆಯಿಂದ ನಷ್ಟ. ಹಾಗೇ ಎ3 ಮತ್ತೆ 12×18, ಇಲ್ಲಿ ವ್ಯತ್ಯಾಸ ಉದ್ದಕ್ಕೆ 37 ಮಿಮೀ. ಜೆರಾಕ್ಸ್ ಅಂಗಡಿಯ ಕಲರ್ ಮೆಷಿನಲ್ಲಿ 12×18 ಮತ್ತೆ 13×19 ಇಂಚಿನ ಹಾಳೆ ಬಳಸ್ತಾರೆ, ಎ3 ಹೊಡೆದು ಸುತ್ತ ಕತ್ತರಿಸೋಕೆ ಜಾಗ ಸಿಗ್ಲಿ ಅಂತ.

ಅಮೆರಿಕಾದಲ್ಲಿರೋ ನೆಂಟರು ಕಳಿಸೋ ಫೈಲು ಲೆಟರ್ ಸೈಜಲ್ಲಿ ಇರತ್ತೆ, 216×279 ಮಿಮೀ. ಎ4ಗಿಂತ 6 ಅಗಲ, 18 ಗಿಡ್ಡ. ಲೀಗಲ್ ಹಾಳೆ ಅಮೆರಿಕಾದಲ್ಲಿ 216×356, ಇಲ್ಲಿ ಲೀಗಲ್ ಅಂತ ಕೊಡೋ ರಿಮ್ಮುಗಳು ಸಾಮಾನ್ಯವಾಗಿ 215×345, ರಿಮ್ ಮೇಲೆ ಸೆಂಮೀ ಬರೆದಿರತ್ತೆ, ಕೊಳ್ಳೋ ಮುಂಚೆ ಓದಿ.

## ಹಂತ 4: ಆಕಾರ ಹೊಂದಿಸಿ, ಏನು ಕತ್ತರಿಸ್ಬೇಕು ಅನ್ನೋದನ್ನ ನೀವೇ ತೀರ್ಮಾನ ಮಾಡಿ

ಈ ಹಂತವನ್ನ ಯಾರೂ ಮಾಡಲ್ಲ, ಇಲ್ಲೇ ಜನರ ತಲೆ ಕಾಲು ಹೋಗೋದು.

ದೊಡ್ಡ ಕ್ಯಾಮೆರಾದ ಚಿತ್ರ 3:2 ಆಕಾರ. ಅದು 4×6, 8×12, 12×18, 20×30 ಇವಕ್ಕೆ ಏನೂ ಕತ್ತರಿಸದೆ ಕೂರತ್ತೆ. ಫೋನಿನ ಚಿತ್ರ ಸಾಮಾನ್ಯವಾಗಿ 4:3, ಅದು 6×8, 12×16, 18×24ಕ್ಕೆ ಸರಿ. 8×10 ಮತ್ತೆ 16×20 ಇವೆರಡೂ 5:4, ಇವಕ್ಕೆ ಎರಡರದ್ದೂ ಕತ್ತರಿಸಲೇಬೇಕು. ಫೋನಲ್ಲಿ ಫುಲ್ ಸ್ಕ್ರೀನ್ ಅಥವಾ 16:9 ಅಂತ ಇಟ್ಟು ತೆಗೆದಿದ್ರೆ ಯಾವ ಪ್ರಿಂಟಿಗೂ ಹೊಂದಲ್ಲ, ಗ್ರೂಪ್ ಫೋಟೋ ತೆಗೆಯೋ ಮುಂಚೆ ಸೆಟ್ಟಿಂಗ್ ಹೋಗಿ 4:3ಕ್ಕೆ ಹಾಕ್ಬಿಡಿ.

ಲೆಕ್ಕ ಹಾಕಿ ನೋಡಿ. ಐನ್‌ಮನೆ ಮುಂದೆ ಕೊಡವರ ಉಡುಪು ಕುಪ್ಯಚೇಲೆ ಹಾಕ್ಕೊಂಡು 12 ಜನ ಒಂದು ಸಾಲಲ್ಲಿ ನಿಂತಿದಾರೆ, ಕ್ಯಾಮೆರಾದ ಚಿತ್ರ, ತುದಿಯಿಂದ ತುದಿ ತುಂಬಿದೆ. 8×12 ಹಾಕಿದ್ರೆ ಒಬ್ಬೊಬ್ಬರಿಗೆ ಒಂದೊಂದು ಇಂಚು. ಅದನ್ನೇ 8×10 ಕೇಳಿದ್ರೆ 2 ಇಂಚು ಹೋಗ್ಬೇಕು, ಮೆಷಿನ್ ತಾನಾಗೇ ಮಾಡಿದ್ರೆ ಈ ಕಡೆ ಒಂದು ಆ ಕಡೆ ಒಂದು, ಅಂದ್ರೆ ಇಬ್ಬರು ಪೂರ್ತಿ ಮಾಯ. ಸಾಮಾನ್ಯವಾಗಿ ತುದಿಯಲ್ಲಿ ನಿಂತವರು ಯಾರು ಅಂದ್ರೆ ಮದುವೆ ಆಗಿ ಹೊಸದಾಗಿ ಬಂದ ಸೊಸೆ, ಇಲ್ಲಾಂದ್ರೆ ಎಲ್ಲರನ್ನೂ ನಿಲ್ಲಿಸಿ ಕೊನೆಗೆ ಓಡಿ ಬಂದು ಸೇರ್ಕೊಂಡವರು. ಅವರ ಮನಸ್ಸಿಗೆ ಎಷ್ಟು ನೋವಾಗತ್ತೆ ಅನ್ನೋದನ್ನ ನಾನು ಅಂಗಡಿಯಲ್ಲಿ ನೋಡಿದೀನಿ, ಹಾಗಾಗಿ ಇದನ್ನ ಸಣ್ಣ ವಿಷಯ ಅಂತ ಬಿಡೋಕೆ ಆಗಲ್ಲ.

ಫೋನಿನ 4:3 ಚಿತ್ರವನ್ನ 4×6ಕ್ಕೆ ಹಾಕಿದ್ರೆ ಚಿಕ್ಕ ಬದಿಯಿಂದ ಒಂಬತ್ತರಲ್ಲಿ ಒಂದು ಭಾಗ ಹೋಗತ್ತೆ. ಅಡ್ಡ ಹಿಡಿದು ತೆಗೆದಿದ್ರೆ ಮೇಲಿಂದ ಕೆಳಗಿಂದ, ಅಂದ್ರೆ ಪೇಟದ ತುದಿ ಅಥವಾ ಪಾದ.

ಮಾಡ್ಬೇಕಾದ್ದು ಹೀಗೆ: ಫೋನಿನ ಎಡಿಟ್ ತೆಗೀರಿ, ಕ್ರಾಪ್ ಒತ್ತಿ, ಹಂತ 1ರ ಅಳತೆಗೆ ಹೊಂದೋ ಅನುಪಾತ ಆರಿಸಿ, 3:2 ಅಥವಾ 5:4 ಅಥವಾ 5:7. ಬೇಕಾದ್ದು ಒಳಗಿರೋ ಹಾಗೆ ಜರುಗಿಸಿ, ಬೇರೆ ಕಾಪಿ ಆಗಿ ಸೇವ್ ಮಾಡಿ. ಒರಿಜಿನಲ್ ಮುಟ್ಬೇಡಿ. ಜನ ತುದಿಯ ತನಕ ಇದ್ದು ಏನೂ ಕತ್ತರಿಸೋಕೆ ಆಗಲ್ಲ ಅಂದ್ರೆ ಎರಡೇ ದಾರಿ, ಸುತ್ತ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ಹಾಕ್ಸೋದು, ಇಲ್ಲಾಂದ್ರೆ ಫ್ರೇಮ್ ಬದಲಾಯಿಸೋದು. ನಾನಾದ್ರೆ ಒಕ್ಕದ ಫೋಟೋಗೆ ಯಾವತ್ತೂ ಬಿಳಿ ಅಂಚೇ ಹೇಳೋದು.

ಎಚ್ಚರಿಕೆ ಗುರುತು: ಪ್ರಿವ್ಯೂನಲ್ಲಿ ಮುಖ ಉದ್ದುದ್ದ ಅಥವಾ ಅಗಲವಾಗಿ ಕಂಡ್ರೆ ಯಾರೋ ಕ್ರಾಪ್ ಮಾಡೋ ಬದಲು ಎಳೆದು ಹಿಗ್ಗಿಸಿದಾರೆ. ಅಲ್ಲೇ ನಿಲ್ಲಿಸಿ.

## ಹಂತ 5: ಪಿಕ್ಸೆಲ್ ಸಾಕಾ ಅಂತ ನೋಡಿ

ಪಿಕ್ಸೆಲ್ ಅಂದ್ರೆ ಚಿತ್ರದಲ್ಲಿರೋ ಸಣ್ಣ ಸಣ್ಣ ಚುಕ್ಕೆ. ಉದ್ದ ಬದಿಯ ಪಿಕ್ಸೆಲನ್ನ ಉದ್ದ ಬದಿಯ ಇಂಚಿಂದ ಭಾಗಿಸಿ. 300 ಬಂದ್ರೆ ಕೈಯಲ್ಲಿ ಹಿಡಿದು ನೋಡೋಕೂ ಚೆನ್ನಾಗಿರತ್ತೆ. 200 ಬಂದ್ರೆ ಗೋಡೆಗೆ ಧಾರಾಳ. 20×30 ತರದ್ದು ದೂರದಿಂದ ನೋಡೋದು, 130-150 ಆದ್ರೂ ನಡೆಯತ್ತೆ. 100ರ ಕೆಳಗೆ ಬಂದ್ರೆ ಆ ಸೈಜ್ ಬಿಟ್ಟು ಚಿಕ್ಕದು ಮಾಡಿ.

12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000×3000 ಪಿಕ್ಸೆಲ್, 12×16ಕ್ಕೆ 250 ಬರತ್ತೆ, ಸೊಗಸಾಗಿರತ್ತೆ. ಅದನ್ನೇ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದ್ರೆ ನನ್ನ ಕೈಗೆ ಬರೋದು ಹೆಚ್ಚಾಗಿ 1600 ಪಿಕ್ಸೆಲಿಂದು. 1600ನ್ನ 6ರಿಂದ ಭಾಗಿಸಿ, 266, ಅಂದ್ರೆ 4×6ಕ್ಕೆ ಏನೂ ತೊಂದರೆ ಇಲ್ಲ. 18ರಿಂದ ಭಾಗಿಸಿದ್ರೆ 89, ಗೋಡೆ ಮೇಲೆ ಮುಖ ಎಲ್ಲ ಮೇಣ ಹಚ್ಚಿದ ಹಾಗೆ ಕಾಣತ್ತೆ. ಹಾಗಾಗಿ ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಡ್ರೈವ್ ಲಿಂಕ್, ಅಥವಾ ಕೇಬಲ್ ಹಾಕಿ ಪೆನ್‌ಡ್ರೈವಿಗೆ.

ಫೈಲಲ್ಲಿ "72 ಡಿಪಿಐ" (ಒಂದು ಇಂಚಿಗೆ 72 ಚುಕ್ಕೆ) ಅಂತ ಬರೆದಿದೆ ಅಂತ ಗಾಬರಿ ಆಗಿ ಎಷ್ಟೋ ಜನ ಬರ್ತಾರೆ. ಅದು ಬರೀ ಚೀಟಿ, ಚಿತ್ರದಲ್ಲಿರೋ ಪಿಕ್ಸೆಲ್ ಅದರಿಂದ ಬದಲಾಗಲ್ಲ. 4000×3000 ಇದ್ರೆ 72 ಅಂತ ಬರೆದಿದ್ರೂ 300 ಅಂತ ಬರೆದಿದ್ರೂ ಪ್ರಿಂಟ್ ಒಂದೇ. ಅದೇ ತರ ಸಣ್ಣ ಫೈಲನ್ನ ಸಾಫ್ಟ್‌ವೇರಲ್ಲಿ 300ಕ್ಕೆ ಏರಿಸಿದ್ರೆ ನಂಬರ್ ದೊಡ್ಡದಾಗತ್ತೆ ಅಷ್ಟೇ, ಅಲ್ಲಿ ಇಲ್ಲದ ಕಣ್ರೆಪ್ಪೆ ಎಲ್ಲಿಂದ ಬರ್ಬೇಕು.

ಹಳೇ ಫೋಟೋ ದೊಡ್ಡದು ಮಾಡೋದಾದ್ರೆ ಸ್ಕ್ಯಾನಿನ ಡಿಪಿಐಯನ್ನ ಎಷ್ಟು ಪಟ್ಟು ದೊಡ್ಡದು ಮಾಡ್ತೀರೋ ಅದರಿಂದ ಭಾಗಿಸಿ. 600ಕ್ಕೆ ಸ್ಕ್ಯಾನ್ ಮಾಡಿ ಮೂರು ಪಟ್ಟು ಮಾಡಿದ್ರೆ 200 ಉಳಿಯತ್ತೆ, ಸಾಕು. ಗೋಡೆಯಲ್ಲಿರೋ ಅಜ್ಜನ ಫೋಟೋವನ್ನ ಗಾಜಿನ ಮೇಲಿಂದಲೇ ಫೋನಲ್ಲಿ ತೆಗೆದು ತರ್ಬೇಡಿ, ಗಾಜಲ್ಲಿ ಟ್ಯೂಬ್‌ಲೈಟ್ ಹೊಳಪು ಇರತ್ತೆ, ಚಿತ್ರ ಒಂದು ಕಡೆ ಕಿರಿದಾಗಿರತ್ತೆ, ಯಾವ ಅಳತೆಗೂ ಚೌಕವಾಗಿ ಕೂರಲ್ಲ.

## ಹಂತ 6: ಪಾಸ್‌ಪೋರ್ಟ್, ವೀಸಾ ಫೋಟೋಗೆ ಮಿಲಿಮೀಟರ್ ಮಾತ್ರ

"ಪಾಸ್‌ಪೋರ್ಟ್ ಸೈಜ್" ಅನ್ನೋ ಒಂದೇ ಸೈಜ್ ಪ್ರಪಂಚದಲ್ಲಿ ಇಲ್ಲ. ಯೂರೋಪಿನ ಶೆಂಗೆನ್ ವೀಸಾಗೆ 35×45 ಮಿಮೀ. ಅಮೆರಿಕಾ ವೀಸಾಗೆ 2×2 ಇಂಚು, ಅಂದ್ರೆ 51×51 ಮಿಮೀ ಚೌಕ, ಗಲ್ಲದಿಂದ ನೆತ್ತಿ ತನಕ ತಲೆ 25ರಿಂದ 35 ಮಿಮೀ ಒಳಗೆ ಇರ್ಬೇಕು. ಕೆನಡಾ ಪಾಸ್‌ಪೋರ್ಟಿಗೆ 50×70. ನಮ್ಮ ಪ್ಯಾನ್ ಅರ್ಜಿಯಲ್ಲಿ ಅಂಟಿಸೋದು 25×35. ಯಾವ ದೇಶ, ಯಾವ ಅರ್ಜಿ ಅನ್ನೋದನ್ನ ಮೊದಲು ಹೇಳಿ, ಅರ್ಜಿ ಹಾಕೋ ದಿನ ಆ ದೇಶದ ಅಧಿಕೃತ ಪುಟದಲ್ಲಿ ಅಳತೆ ಮತ್ತೊಂದು ಸಲ ಓದಿ. ಕೆಲವು ಕಡೆ 4.5×3.5 ಅಂತ ಎತ್ತರ ಮೊದಲು ಬರೆದಿರ್ತಾರೆ, ಅದನ್ನ ನೋಡಿ ಫೋಟೋ ಅಡ್ಡ ಮಾಡ್ಬೇಡಿ.

ಒಂದು 4×6 ಹಾಳೆಯಲ್ಲಿ 35×45ರ ಫೋಟೋ ಎಂಟು ಕೂರತ್ತೆ, ನಾಲ್ಕು ಅಡ್ಡ ಎರಡು ಸಾಲು, 140×90 ಮಿಮೀ, ಸುತ್ತ ಜಾಗ ಉಳಿಯತ್ತೆ. ಆದ್ರೆ 2×2 ಇಂಚಿಂದು ಆರು ಹಾಕಿದ್ರೆ ಹಾಳೆ ಪೂರ್ತಿ ಮುಗೀತು, ಕತ್ತರಿಸೋಕೆ ಒಂದು ಕೂದಲೆಳೆ ಜಾಗ ಇಲ್ಲ. ನಾನು ಎರಡೇ ಹಾಕೋದು.

ಇಲ್ಲಿ ಒಂದು ಗುಟ್ಟಿನ ಶತ್ರು ಉಂಟು, ಬಾರ್ಡರ್‌ಲೆಸ್ ಅನ್ನೋ ಆಯ್ಕೆ. ಅಂಚಿಲ್ಲದೆ ಪ್ರಿಂಟ್ ಮಾಡೋಕೆ ಪ್ರಿಂಟರ್ ಚಿತ್ರವನ್ನ ಹಾಳೆಗಿಂತ ಸ್ವಲ್ಪ ದೊಡ್ಡದು ಮಾಡಿ ಹೊರಗೆ ಚೆಲ್ಲತ್ತೆ. ಸಾಮಾನ್ಯ ಫೋಟೋದಲ್ಲಿ ಗೊತ್ತಾಗಲ್ಲ, ವೀಸಾ ಫೋಟೋದಲ್ಲಿ 45 ಇದ್ದದ್ದು 46 ಆಗತ್ತೆ, ಮುಖದ ಅಳತೆನೂ ಬದಲು. ಉಲ್ಟಾ ತಪ್ಪು "ಫಿಟ್ ಟು ಪೇಜ್". ಅದು 95 ಪರ್ಸೆಂಟಿಗೆ ಇಳಿಸಿದ್ರೆ 45 ಮಿಮೀ ಹೋಗಿ 43ಕ್ಕೂ ಕಮ್ಮಿ. ಎರಡನ್ನೂ ಆಫ್ ಮಾಡಿ, "ಆಕ್ಚುಯಲ್ ಸೈಜ್" ಅಥವಾ 100 ಪರ್ಸೆಂಟ್ ಇಡಿ.

ನಂಬಿಕೆ ಬರ್ಲಿ ಅಂತ ಇದೊಂದು ಮಾಡಿ: ಹಾಳೆಯ ಖಾಲಿ ಜಾಗದಲ್ಲಿ ಸರಿಯಾಗಿ 50 ಮಿಮೀ ಉದ್ದದ ಒಂದು ಗೆರೆ ಹಾಕಿ ಪ್ರಿಂಟ್ ತೆಗೀರಿ, ಸ್ಟೀಲ್ ಸ್ಕೇಲ್ ಇಟ್ಟು ಅಳೀರಿ. 50 ಬಂದ್ರೆ ಉಳಿದದ್ದೂ ಸರಿ. 48 ಬಂದ್ರೆ ಕತ್ತರಿ ಮುಟ್ಬೇಡಿ, ಸೆಟ್ಟಿಂಗ್ ಸರಿ ಮಾಡಿ ಮತ್ತೆ ತೆಗೀರಿ.

## ಹಂತ 7: ಮನೆ ಪ್ರಿಂಟರ್ ಆದ್ರೆ ಪೇಪರ್ ಮೂರು ಕಡೆ ಹೊಂದ್ಬೇಕು

ಟ್ರೇಯಲ್ಲಿರೋ ಹಾಳೆ, ಪ್ರಿಂಟರ್ ಸೆಟ್ಟಿಂಗಲ್ಲಿರೋ ಹಾಳೆ, ಫೈಲಿನ ಪೇಜ್ ಸೈಜ್, ಮೂರೂ ಒಂದೇ ಇರ್ಬೇಕು. ಹೊಸ ಪ್ರಿಂಟರ್ ಎಷ್ಟೋ ಸಲ ಲೆಟರಿಗೆ ಸೆಟ್ ಆಗಿ ಬರತ್ತೆ. ಎ4 ಹಾಕಿದ್ರೂ ಕೆಳಗೆ ಒಂದೂವರೆ ಸೆಂಟಿಮೀಟರಿಗೂ ಜಾಸ್ತಿ ಖಾಲಿ ಬಿಡ್ತಾ ಇದೆ ಅಂದ್ರೆ ಅದೇ ಕಾರಣ.

ದಪ್ಪಕ್ಕೆ ನಮ್ಮಲ್ಲಿ ಜಿಎಸ್ಎಂ, ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗತ್ತೆ ಅನ್ನೋದು. ಹದಿನಾರು ಎ4 ಸೇರಿದ್ರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್ಎಂ ಎ4 ಒಂದು ಹಾಳೆ 5 ಗ್ರಾಂ, 180ರದ್ದು 11 ಗ್ರಾಂ ಚಿಲ್ಲರೆ. ಪ್ಯಾಕೆಟ್ ಮೇಲೆ ಬರೆದದ್ದರ ಮೇಲೆ ಅನುಮಾನ ಇದ್ರೆ ಮನೆಯಲ್ಲಿ ಕರಿಮೆಣಸು ತೂಗೋ ಸಣ್ಣ ಡಿಜಿಟಲ್ ತಕ್ಕಡಿ ಇರತ್ತಲ್ಲ, ಅದರ ಮೇಲೆ ಹತ್ತು ಹಾಳೆ ಇಡಿ, 180 ಜಿಎಸ್ಎಂ ಆದ್ರೆ 112 ಗ್ರಾಂ ಆಸುಪಾಸು ತೋರಿಸ್ಬೇಕು. ಅಮೆರಿಕಾದ ಪೇಪರಲ್ಲಿ ಪೌಂಡ್ ಲೆಕ್ಕ, ಅದರಲ್ಲಿ ಕವರ್ ಮತ್ತೆ ಟೆಕ್ಸ್ಟ್ ಅಂತ ಬೇರೆ ಬೇರೆ. 80 ಪೌಂಡ್ ಕವರ್ ಸುಮಾರು 216 ಜಿಎಸ್ಎಂ, 80 ಪೌಂಡ್ ಟೆಕ್ಸ್ಟ್ ಸುಮಾರು 118. ನಂಬರ್ ಒಂದೇ, ದಪ್ಪ ಅರ್ಧಕ್ಕರ್ಧ ವ್ಯತ್ಯಾಸ.

ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಪೇಪರ್ ಪ್ಯಾಕೆಟ್ ಬಿಚ್ಚಿ ಇಟ್ರೆ ತೇವ ಕುಡಿದು ಅಂಚು ಅಲೆ ಅಲೆ ಆಗತ್ತೆ, ಪ್ರಿಂಟರ್ ಸೊಟ್ಟ ಎಳೆಯತ್ತೆ, ಒಂದು ಬದಿ ಅಂಚು ಹೆಚ್ಚು ಒಂದು ಬದಿ ಕಮ್ಮಿ ಬರತ್ತೆ. ಜಿಪ್ ಕವರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮಲಗಿಸಿಡಿ.

## ಹಂತ 8: ಲ್ಯಾಬಿಗೆ ಬಾಯಲ್ಲಿ ಹೇಳ್ಬೇಡಿ, ಬರೆದು ಕೊಡಿ

ಫೋನಲ್ಲಿ "ದೊಡ್ಡ ಸೈಜ್ ಒಂದು ಹಾಕ್ಬಿಡಿ" ಅಂದ್ರೆ ಎಲ್ಲರೂ ಅವರವರ ದೊಡ್ಡ ಸೈಜ್ ಹಾಕ್ತಾರೆ. ಮೆಸೇಜಲ್ಲಿ ಹೀಗೆ ಬರೀರಿ: "ಚಿತ್ರದ ಅಳತೆ ಅಡ್ಡ 398 ಮಿಮೀ, ಎತ್ತರ 298 ಮಿಮೀ. 12×18 ಪೇಪರ್, ಸುತ್ತ ಬಿಳಿ ಬಿಟ್ಟು ಗೆರೆಗೆ ಕಟ್ ಮಾಡಿ. ಆಟೋ ಕ್ರಾಪ್ ಬೇಡ. ಮ್ಯಾಟ್. ಒಂದು ಕಾಪಿ." ಇದು ಆ 30×40 ಸೆಂಮೀ ಫ್ರೇಮಿಗೆ 2 ಮಿಮೀ ಸಡಿಲ ಕಳೆದ ಲೆಕ್ಕ. ಅಡ್ಡ, ಎತ್ತರ ಅಂತ ಹೆಸರಿಟ್ಟೇ ಬರೀರಿ, ಬರೀ ಎರಡು ನಂಬರ್ ಕೊಟ್ರೆ ಯಾವುದು ಯಾವುದಕ್ಕೆ ಅಂತ ಅವರು ಊಹೆ ಮಾಡ್ಬೇಕಾಗತ್ತೆ.

ಹತ್ತಾರು ಪ್ರಿಂಟ್ ಬೇಕಿದ್ರೆ ಮೊದಲು ಒಂದೇ ಹಾಕ್ಸಿ, ಫ್ರೇಮಿಗೆ ಇಟ್ಟು ನೋಡಿ, ಆಮೇಲೆ ಉಳಿದದ್ದು. ಮದುವೆ ಆಲ್ಬಮ್ 12×36 ಅಂದ್ರೆ ಎರಡು ಪುಟ ಬಿಚ್ಚಿದಾಗಿನ ಅಳತೆ, ಒಂದು ಪುಟ 12×18, ಮಧ್ಯದ ಮಡಿಕೆ ಮೇಲೆ ಯಾರ ಮುಖವೂ ಬರ್ಬಾರ್ದು ಅಂತ ಡಿಸೈನ್ ಮಾಡೋವ್ರಿಗೆ ಮುಂಚೆನೇ ಹೇಳಿ.

## ಹಂತ 9: ಬಂದ ಪ್ರಿಂಟನ್ನ ಅಳೆದು, ಆಮೇಲೆ ಕಟ್ಟು ಹಾಕ್ಸಿ

ಅಂಗಡಿಯಲ್ಲೇ ಸ್ಕೇಲ್ ಕೇಳಿ ಅಳೀರಿ. ನಾಲ್ಕೂ ಬದಿ, ಮೂಲೆಯಿಂದ ಮೂಲೆಗೆ ಎರಡು ಸಲ. ಮೂಲೆ ಅಳತೆ ಎರಡೂ ಒಂದೇ ಬಂದ್ರೆ ಕಟಿಂಗ್ ಚೌಕವಾಗಿದೆ. 1 ಮಿಮೀ ಅತ್ತ ಇತ್ತ ಸಹಜ, 2ಕ್ಕಿಂತ ಜಾಸ್ತಿ ಇದ್ರೆ ಅಲ್ಲೇ ತೋರಿಸಿ, ಮನೆಗೆ ಒಯ್ದು ಕತ್ತರಿ ಹಾಕಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ. ಸ್ವಲ್ಪವೇ ಕತ್ತರಿಸ್ಬೇಕು ಅಂದ್ರೂ ಕತ್ತರಿ ಬೇಡ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಹೊಸ ಬ್ಲೇಡಿನ ಕಟ್ಟರಲ್ಲಿ ಎರಡು ಮೂರು ಸಲ ಹಗುರಾಗಿ ಎಳೀರಿ, ಒಂದೇ ಏಟಿಗೆ ಬೇಡ.

ಮಳೆಗಾಲದಲ್ಲಿ ಹೊಸ ಪ್ರಿಂಟನ್ನ ತಂದ ದಿನವೇ ಗಾಜಿಗೆ ಒತ್ತಿ ಹಾಕ್ಬೇಡಿ. ಒಂದು ದಿನ ಒಣ ಜಾಗದಲ್ಲಿ ಇಟ್ಟು, ಗಾಜಿಗೂ ಫೋಟೋಗೂ ಮಧ್ಯ ಸಣ್ಣ ಅಂತರ ಸಿಗೋ ಹಾಗೆ ಮೌಂಟ್ ಬೋರ್ಡ್ ಅಥವಾ ಸುತ್ತ ತೆಳ್ಳನೆ ಪಟ್ಟಿ ಹಾಕ್ಸಿ. ಗಾಜಿಗೆ ಅಂಟಿಕೊಂಡ ಗ್ಲಾಸಿ ಫೋಟೋವನ್ನ ಬಿಡಿಸೋಕೆ ಹೋದ್ರೆ ಮುಖದ ಬಣ್ಣ ಗಾಜಲ್ಲೇ ಉಳಿಯತ್ತೆ. ಆ ಗುರುತು ಮುಂಚೆನೇ ಕಾಣತ್ತೆ, ಪಕ್ಕದಿಂದ ನೋಡಿದ್ರೆ ಗಾಜಿನ ಒಳಗೆ ಒದ್ದೆ ಕಲೆ ತರ ಹೊಳೆಯೋ ಮಚ್ಚೆ. ಹಾಗೆ ಕಂಡ್ರೆ ಬಿಡಿಸೋಕೆ ಹೋಗದೆ ಗಾಜು ಸಮೇತ ಸ್ಕ್ಯಾನ್ ಮಾಡಿಸಿ ಇಟ್ಕೊಳ್ಳಿ.

ಕಟ್ಟು ಹಾಕೋ ಮುಂಚೆ ಹಿಂದಿನ ಹಲಗೆ ಮೇಲೆ ಪೆನ್ಸಿಲಲ್ಲಿ ತೋಡಿನ ಅಳತೆ, ಕಿಂಡಿಯ ಅಳತೆ, ಫೈಲಿನ ಹೆಸರು, ಫೋಟೋದಲ್ಲಿರೋವ್ರ ಹೆಸರು ಎಡದಿಂದ ಬಲಕ್ಕೆ ಬರೆದಿಡಿ. ಫೋಟೋದ ಬೆನ್ನ ಮೇಲೆ ಬೇಡ, ಒತ್ತಿ ಬರೆದದ್ದು ಮುಂದೆ ಉಬ್ಬಿ ಕಾಣತ್ತೆ. ಮುಂದೆ ಯಾವತ್ತಾದ್ರೂ ಗಾಜು ಒಡೆದ್ರೆ, ಐನ್‌ಮನೆಯಲ್ಲಿ ಇರೋವ್ರು ಹಲಗೆ ತೆಗೆದು ಆ ನಂಬರ್ ಫೋನಲ್ಲಿ ಓದಿ ಹೇಳಿದ್ರೆ ಸಾಕು, ಬೆಂಗಳೂರಲ್ಲಿ ಇರೋ ಮಗ ಅಲ್ಲಿಂದಲೇ ಸರಿಯಾದ ಗಾಜೂ ಪ್ರಿಂಟೂ ಮಾಡಿಸಿಕೊಂಡು ಬರ್ಬಹುದು.